ಅಳೆಯಲಾಗದ್ದು ಸೊನ್ನೆಯಲ್ಲ

ನಮ್ಮ ಮೇಡಂ ನಿವೃತ್ತರಾಗಿ ವರ್ಷದ ಮೇಲಾಯಿತು. ಬೀಳ್ಕೊಡುಗೆಯ ದಿನ ಪ್ರಿನ್ಸಿಪಾಲರು ನನ್ನ ಕೈಗೆ ಮೈಕು ಕೊಟ್ಟು, "ಐದು ನಿಮಿಷ ಮಾತಾಡ್ರಿ, ಅವರ ಬಗ್ಗೆ ನಿಮಗ ಗೊತ್ತಿದ್ದಷ್ಟು ಯಾರಿಗೂ ಗೊತ್ತಿಲ್ಲ" ಎಂದರು. ಗೊತ್ತಿದ್ದದ್ದೇ ತೊಂದರೆಯಾಯಿತು. ಶಿಸ್ತು, ಕಾಯಕನಿಷ್ಠೆ ಎಂದು ಎರಡು ಸವೆದ ಮಾತು ಹೇಳಿ, ಶಾಲು ಹೊದಿಸಿ, ಕೂತುಬಿಟ್ಟೆ. ಆ ಮಾತು ಕೇಳಿ ಅವರು ಮುಖ ಸಿಂಡರಿಸಿದ್ದು ನನಗೆ ಕಂಡಿತು. ನಿಜ ಹೇಳುವುದಾಗಿದ್ದರೆ, ಈ ಮೇಡಂ ಇಪ್ಪತ್ತೆರಡು ವರ್ಷ ನನ್ನ ತಾಳ್ಮೆ ತಿಂದಿದ್ದಾರೆ ಎಂದು ಶುರು ಮಾಡಬೇಕಿತ್ತು. ಅಂದು ಧೈರ್ಯವಾಗಲಿಲ್ಲ, ಇಲ್ಲಿ ಶುರು ಮಾಡುತ್ತೇನೆ.

ನಮ್ಮದು ಹಂಪಸಾಗರದ ಆಚೆ, ಹೊಳೆಸಾಲಿನ ಒಂದು ಊರಿನ ಅನುದಾನಿತ ಪದವಿ ಕಾಲೇಜು. ಸುತ್ತಲಿನ ಹಳ್ಳಿಗಳ ಮಕ್ಕಳು, ಅದರಲ್ಲೂ ಹಗರಿಬೊಮ್ಮನಹಳ್ಳಿಗೋ ಹಡಗಲಿಗೋ ದಿನಾ ಕಳಿಸಲು ಮನೆಯವರು ಒಪ್ಪದ ಹುಡುಗಿಯರು ಇಲ್ಲಿಗೆ ಬರುತ್ತಾರೆ. ನಾನು ಕನ್ನಡ ಪಾಠ ಹೇಳುವವನು. ಅವರದು ರಸಾಯನಶಾಸ್ತ್ರ. ಮನೆ ಕೊಟ್ಟೂರಿನಲ್ಲಿ. ದಿನಾ ಅಲ್ಲಿಂದ ಹಗರಿಬೊಮ್ಮನಹಳ್ಳಿಗೆ ಒಂದು ಬಸ್ಸು, ಅಲ್ಲಿಂದ ನಮ್ಮೂರಿಗೆ ಇನ್ನೊಂದು. ಎರಡನೆಯದು ತಪ್ಪಿದರೆ ಟಂಟಂ ಆಟೋ. ಆದರೂ ಒಂಬತ್ತು ಮುಕ್ಕಾಲಿಗೆ ಲ್ಯಾಬಿನ ಬಾಗಿಲು ತೆಗೆದಿರುತ್ತಿತ್ತು. ಊರೊಳಗೇ ಮನೆ ಮಾಡಿಕೊಂಡಿದ್ದ ನಾನು ಹತ್ತೂ ಕಾಲಿಗೆ ಏದುಸಿರು ಬಿಡುತ್ತಾ ಬಂದು ಅವರ ಎದುರಿಗೇ ಸಿಕ್ಕಿಬೀಳುತ್ತಿದ್ದೆ. ಅವರು ಗೋಡೆಯ ಗಡಿಯಾರ ನೋಡುತ್ತಿದ್ದರು, ಅಷ್ಟೇ.

ಎತ್ತರ ಕಡಿಮೆ, ದನಿ ಇನ್ನೂ ಕಡಿಮೆ. ಕನ್ನಡಕ ಜಾರಿದರೆ ಬೆರಳಿನಿಂದ ಮುಟ್ಟದೆ ಮಣಿಕಟ್ಟಿನ ಹಿಂಬದಿಯಿಂದ ಮೇಲಕ್ಕೆ ತಳ್ಳುತ್ತಿದ್ದರು. ಆ್ಯಸಿಡ್ ತಾಗಿದ ಬೆರಳು ಕಣ್ಣಿನ ಹತ್ತಿರ ಹೋಗಬಾರದು ಎಂಬ ಪಾಠ ಎಳೆತನದಲ್ಲೇ ಮೈಗೆ ಹತ್ತಿದ್ದಂತೆ. ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂತಾಗಲೂ ಹಾಗೇ ತಳ್ಳುತ್ತಿದ್ದರು. ಯಾವ ಸುತ್ತೋಲೆ ಬಂದರೂ ಮೊದಲ ಅಕ್ಷರದಿಂದ ಹಿಡಿದು, ಕೊನೆಯಲ್ಲಿ ಯಾರು ಯಾರಿಗೆ ಪ್ರತಿ ಹೋಗಿದೆ ಎಂಬ ಪಟ್ಟಿಯವರೆಗೂ ಓದುತ್ತಿದ್ದರು. ಅಷ್ಟು ಹೊತ್ತು ಅಟೆಂಡರು ಸಹಿಗಾಗಿ ಒಂಟಿಗಾಲಲ್ಲಿ ನಿಂತಿರಬೇಕು.

ಒಂದು ಸಲ ಪರಿಸರ ದಿನಾಚರಣೆಯ ವರದಿ ಬರೆಯುವ ಕೆಲಸ ನನಗೆ ಬಂತು. ಮೈದಾನದಲ್ಲಿ ನೂರು ಸಸಿ ನೆಟ್ಟೆವೆಂದು ಬರೆದೆ. ಅವರು ಬಿಸಿಲಲ್ಲಿ ಮೈದಾನ ಸುತ್ತಿ ಬಂದು ನನ್ನ ಮೇಜಿನ ಮುಂದೆ ನಿಂತರು.

"ಸರ್, ಮೂವತ್ತೊಂಬತ್ತು ಅದಾವ. ಅದರಾಗ ನಾಕು ಬರೇ ಕಡ್ಡಿ."

"ಮೇಡಂ, ನೂರು ಅಂದ್ರ ಬಹಳ ಅಂತ ಅರ್ಥ. ಕನ್ನಡದಾಗ ಹಂಗ ಬರೀತೀವಿ."

"ಹಂಗಾದ್ರ ಬಹಳ ಅಂತನ ಬರೀರಿ."

ಇನ್ನೊಂದು ಸಲ ಸಿಬ್ಬಂದಿ ಸಭೆಯ ನಡಾವಳಿಯಲ್ಲಿ ಪ್ರಿನ್ಸಿಪಾಲರು 'ಸರ್ವಾನುಮತದಿಂದ ಒಪ್ಪಲಾಯಿತು' ಎಂದು ಬರೆಸಿದರು. ಇವರು ಕೈ ಎತ್ತಿ, "ನಾನು ಒಪ್ಪಿಲ್ರಿ ಸರ್, ಸುಮ್ನ ಕುಂತಿದ್ದೆ" ಎಂದರು. ಕೊನೆಗೆ 'ಒಬ್ಬರು ಸುಮ್ಮನಿದ್ದರು' ಎಂದು ತಿದ್ದಿ ಬರೆಯಬೇಕಾಯಿತು. ಇಂಥವರನ್ನೇ ಪ್ರಿನ್ಸಿಪಾಲರು ಗುಣಮಟ್ಟ ವಿಭಾಗದ ಸಂಯೋಜಕಿ ಮಾಡಿದರು, ಆ ಕೆಲಸ ಬೇರೆ ಯಾರಿಗೂ ಬೇಡವಾಗಿತ್ತು ಎಂಬ ಒಂದೇ ಕಾರಣಕ್ಕೆ. ಸಹಾಯಕ ಎಂದು ನನ್ನ ಹೆಸರನ್ನು ಸೇರಿಸಿದರು. ನನ್ನ ಕಷ್ಟ ಶುರುವಾದದ್ದು ಅಲ್ಲಿಂದ.

ಈ ಗುಣಮಟ್ಟದ ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮಂಥ ಕಾಲೇಜುಗಳನ್ನು ಐದು ವರ್ಷಕ್ಕೊಮ್ಮೆ ಹೊರಗಿನ ಒಂದು ಸಂಸ್ಥೆ ತೂಗಿ ನೋಡುತ್ತದೆ. ಐದು ವರ್ಷ ಏನೇನು ಮಾಡಿದಿರಿ ಎಂದು ನಾವು ವರದಿ ಬರೆದು ಪೋರ್ಟಲ್‌ಗೆ ಏರಿಸಬೇಕು. ಪ್ರತಿ ಸಾಲಿಗೂ ಪುರಾವೆ ಬೇಕು: ಹಾಜರಿ, ನಡಾವಳಿ, ಫೋಟೋ, ಸಹಿ, ಮೊಹರು. ಆಮೇಲೆ ಕಮಿಟಿ ಬಂದು ನೋಡಿ ಗ್ರೇಡು ಕೊಡುತ್ತದೆ. ಗ್ರೇಡು ಮೇಲಿದ್ದರೆ ಹೊಸ ಕಟ್ಟಡ, ಹೊಸ ಕೋರ್ಸು. ಕೆಳಗಿದ್ದರೆ ಇದ್ದದ್ದಕ್ಕೂ ಕುತ್ತು. ನಮ್ಮ ವಿಜ್ಞಾನ ವಿಭಾಗಕ್ಕೆ ಹೊಸ ಪ್ರಯೋಗಾಲಯ ಬರುವುದು ಆ ಗ್ರೇಡಿನ ಮೇಲೆ ನಿಂತಿತ್ತು. ಹಾಗಾಗಿ ಅವರು ಐದು ವರ್ಷದ ಕಾಗದವನ್ನೆಲ್ಲ ವಿಂಗಡಿಸಿ, ಪ್ರತಿ ಫೈಲಿನ ಬೆನ್ನಿಗೆ ತಮ್ಮ ಸಣ್ಣ ಅಕ್ಷರದಲ್ಲಿ ಚೀಟಿ ಅಂಟಿಸಿ, ಆಫೀಸಿನ ಒಂದು ಕಬ್ಬಿಣದ ಕಪಾಟು ತುಂಬಿಸಿದ್ದರು. ಎರಡು ವರ್ಷದ ಕೆಲಸ. ಭಾನುವಾರಗಳೂ ಅದಕ್ಕೇ ಹೋಗಿದ್ದವು. ಸ್ಕ್ಯಾನ್ ಮಾಡುವುದು ಮಾತ್ರ ಬಾಕಿ. ಸ್ಕ್ಯಾನರ್ ರಿಪೇರಿಗೆ ಹೋಗಿತ್ತು.

ಆ ಮಳೆಗಾಲ ಹೊಳೆ ಬಂತು. ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟಿದ್ದರು, ಕೆಳಗೆ ಡ್ಯಾಂ ತುಂಬಿ ನಿಂತಿತ್ತು. ನಮ್ಮೂರಿನ ತಗ್ಗಿನ ಓಣಿಗಳಿಗೆ ನೀರು ಹೊಕ್ಕಾಗ ಕಾಲೇಜನ್ನು ಕಾಳಜಿ ಕೇಂದ್ರ ಮಾಡಿದರು. ದಿಬ್ಬದ ಮೇಲಿನ ತರಗತಿಗಳಲ್ಲಿ ಕುಟುಂಬಗಳು ಗಂಟುಮೂಟೆ ಇಳಿಸಿದವು. ಮರುದಿನ ಹನ್ನೊಂದರ ಸುಮಾರಿಗೆ, ದಿಬ್ಬದ ಕೆಳಗಿದ್ದ ಆಫೀಸಿನ ಕಟ್ಟಡದ ಮೆಟ್ಟಿಲಿಗೂ ನೀರು ಹತ್ತಿತು. ಅವತ್ತು ಕೊಟ್ಟೂರಿನಿಂದ ಅವರು ಬಂದಿರಲಾರರು ಎಂದುಕೊಂಡಿದ್ದೆ. ಬಂದಿದ್ದರು. ಸೀರೆ ಎತ್ತಿ ಸಿಕ್ಕಿಸಿ ಆಫೀಸಿನೊಳಗೆ ನಿಂತಿದ್ದರು.

ಒಂದು ಟ್ರ್ಯಾಕ್ಟರು ಸಿಕ್ಕಿತು. ಅದರ ಟ್ರೇಲರಿನಲ್ಲಿ ಆಗಲೇ ಮೂವರು ಮುದುಕಿಯರು, ಒಬ್ಬ ಬಸುರಿ ಇದ್ದರು. ಚಾಲಕ ಕೆಳಗಿಳಿಯದೆ ಕೂಗಿದ: "ಒಂದ ಟ್ರಿಪ್ಪು ನೋಡ್ರಿ ಮೇಡಂ. ತಿರುಗಿ ಬರಾಕ ಆಗಂಗಿಲ್ಲ. ಇದ್ದ ಜಾಗದಾಗ ಏನ್ ಹಿಡಿಸ್ತೈತೋ ಅದನ್ನ ಒಗೀರಿ."

ಆಫೀಸಿನಲ್ಲಿ ಎರಡು ಕಪಾಟು. ಒಂದರಲ್ಲಿ ನಮ್ಮ ಐದು ವರ್ಷದ ಫೈಲುಗಳು. ಇನ್ನೊಂದರಲ್ಲಿ ಪ್ರವೇಶದ ಹೊತ್ತಿಗೆ ವಿದ್ಯಾರ್ಥಿಗಳಿಂದ ತೆಗೆದಿಟ್ಟುಕೊಂಡ ಅಸಲು ಅಂಕಪಟ್ಟಿಗಳು, ವರ್ಗಾವಣೆ ಪತ್ರಗಳು. ಒಂದರ ಸಾಮಾನಿಗಷ್ಟೇ ಜಾಗವಿತ್ತು. ನಾನು ನಮ್ಮ ಕಪಾಟಿಗೆ ಕೈ ಹಾಕಿ ಮೊದಲ ಕಟ್ಟು ಎಳೆದಾಗಿತ್ತು.

"ಅದು ಬ್ಯಾಡ್ರಿ ಸರ್. ಇದನ್ನ ಹಿಡೀರಿ."

"ಮೇಡಂ, ತಲಿ ಕೆಟ್ಟೈತೇನ್ರಿ ನಿಮಗ? ಅಂಕಪಟ್ಟಿ ಬೋರ್ಡಿನಾಗ ಇನ್ನೊಂದ್ಸಲ ಸಿಗ್ತಾವ. ಇವು ಎಲ್ಲಿ ಸಿಗ್ತಾವ?"

"ಹುಡುಗ್ರು ಬೋರ್ಡಿಗೆ ತಿರುಗ್ಬೇಕಲ್ರಿ. ಕೂಲಿ ಬಿಟ್ಟು ಅವರ ಅಪ್ಪ ತಿರುಗ್ಬೇಕು. ಆ ಫೈಲು ನಮ್ದು, ಇವು ಅವರ್ದು. ಹಿಡೀರಿ ಸರ್, ನೀರು ಬರಾಕ ಹತ್ತೈತಿ."

ಜೊತೆಗಿದ್ದ ಅಟೆಂಡರು ಹಿಡಿದ, ಬೇರೆ ದಾರಿಯಿಲ್ಲದೆ ನಾನೂ ಹಿಡಿದೆ. ಆರು ನೂರು ಮಕ್ಕಳ ಕಾಗದಗಳನ್ನು ರಸಗೊಬ್ಬರದ ಖಾಲಿ ಚೀಲಗಳಿಗೆ ತುಂಬಿ ಬಸುರಿಯ ಪಕ್ಕದಲ್ಲಿ ಪೇರಿಸಿದೆವು. ಕೈಗೆ ಸಿಕ್ಕ ನಮ್ಮ ಒಂದು ಕಟ್ಟನ್ನು ನಾನು ತಲೆಯ ಮೇಲಿಟ್ಟುಕೊಂಡು ಬಂದೆ. ಉಳಿದದ್ದು ಒಂಬತ್ತು ದಿನ ನೀರಿನಲ್ಲಿತ್ತು. ಕಪಾಟು ತೆಗೆದಾಗ ಫೈಲುಗಳೆಲ್ಲ ಒಂದಕ್ಕೊಂದು ಅಂಟಿ ಕಲಸಿದ ಹಿಟ್ಟಿನಂತಾಗಿದ್ದವು.

ಅಂಕಪಟ್ಟಿ ಉಳಿಸಿದ್ದಕ್ಕೆ ಅವರಿಗೆ ಯಾರೂ ಕೈ ಮುಗಿಯಲಿಲ್ಲ. ಆ ವರ್ಷ ಮಕ್ಕಳು ಬಿ.ಎಡ್.ಗೆ, ನರ್ಸಿಂಗ್‌ಗೆ, ಪೊಲೀಸ್ ಭರ್ತಿಗೆ ಎಂದು ಬಂದು ತಮ್ಮ ಕಾಗದ ಕೇಳಿದರು, ಕೊಟ್ಟೆವು, ಹೋದರು. ಇದ್ದ ವಸ್ತು ಇದ್ದಲ್ಲೇ ಸಿಕ್ಕಿತು. ಅದರಲ್ಲಿ ಕೈ ಮುಗಿಯುವಂಥದ್ದೇನಿದೆ? ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಮಾತ್ರ ಕರೆದು ಕೇಳಿದರು: "ಮೇಡಂ, ಕಾಲೇಜ ಇಲ್ಲಂದ್ರ ಅಂಕಪಟ್ಟಿ ಇಟ್ಕೊಂಡು ಏನ್ಮಾಡ್ತೀರಿ?" ಅವರ ಸಿಟ್ಟಿನಲ್ಲಿ ನ್ಯಾಯವಿತ್ತೆಂದು ನನಗೆ ಇಂದಿಗೂ ಅನಿಸುತ್ತದೆ.

ಕುಟುಂಬಗಳು ತರಗತಿಗಳಲ್ಲಿ ನಲವತ್ತು ದಿನ ಇದ್ದವು. ನಾವು ಊರಿನ ಸೊಸೈಟಿ ಗೋದಾಮಿನಲ್ಲಿ ಗೊಬ್ಬರದ ವಾಸನೆಯ ನಡುವೆ ಪಾಠ ಮಾಡಿದೆವು. ಮೇಡಂ ಗೋದಾಮಿನ ಗೋಡೆಗೆ ಸುಣ್ಣದ ಕಡ್ಡಿಯಲ್ಲಿ ಮೂಲಧಾತುಗಳ ಪಟ್ಟಿ ಬರೆದರು. ವರದಿ ಕೊಡುವ ಗಡುವು ಮಾತ್ರ ಹತ್ತಿರ ಬರುತ್ತಿತ್ತು. ಪ್ರಿನ್ಸಿಪಾಲರು ಹರಪನಹಳ್ಳಿಯಿಂದ ಒಬ್ಬ ಸಲಹೆಗಾರನನ್ನು ಕರೆಸಿದರು. ಇಸ್ತ್ರಿ ಮಾಡಿದ ಅಂಗಿ, ಎರಡು ಫೋನು, ಕೈಯಲ್ಲಿ ಲ್ಯಾಪ್‌ಟಾಪ್. ಕಾಲೇಜುಗಳಿಗೆ ವರದಿ ಮಾಡಿಕೊಡುವುದೇ ಅವನ ಉದ್ಯೋಗ.

"ಏನೂ ಟೆನ್ಷನ್ ಮಾಡ್ಕೋಬೇಡಿ ಸಾರ್," ಎಂದ. "ಐದು ವರ್ಷದ್ದೂ ಹೊಸದಾಗಿ ಎಬ್ಬಿಸೋಣ. ಹಾಜರಿ ಪುಸ್ತಕ ನಾನೇ ತರ್ತೀನಿ, ಹಳೇದರ ಥರಾನೇ ಕಾಣುತ್ತೆ. ನಾಲ್ಕು ಬಣ್ಣದ ಪೆನ್ನಲ್ಲಿ ಸಹಿ ಹಾಕಿಸಿ. ಒಂದು ವಾರದ ಕೆಲಸ."

ಮೇಡಂ ಮಣಿಕಟ್ಟಿನಿಂದ ಕನ್ನಡಕ ಮೇಲೆ ತಳ್ಳಿದರು. "ಸಂಯೋಜಕಿ ಸಹಿ ಯಾರ್ದು ಇರ್ತೈತಿ?"

"ನಿಮ್ದೇ ಮೇಡಂ."

"ಹಂಗಾದ್ರ ಆಗಂಗಿಲ್ಲ" ಎಂದು ಎದ್ದು ಪಾಠಕ್ಕೆ ಹೋದರು.

ಎರಡು ದಿನ ಬಿಟ್ಟು, ಗ್ರೇಡು ಕೊಡುವ ಸಂಸ್ಥೆಯ ಕೈಪಿಡಿ ಹಿಡಿದುಕೊಂಡು ಬಂದರು. ನಾವೆಲ್ಲ ಮೊದಲ ಹತ್ತು ಪುಟ ಓದಿದ್ದ ಪುಸ್ತಕ ಅದು. ಹಿಂದಿನ ಅನುಬಂಧವೊಂದರಲ್ಲಿ, ಪ್ರಕೃತಿ ವಿಕೋಪ, ಸಾಂಕ್ರಾಮಿಕ ಇಂಥ ತುರ್ತು ಸ್ಥಿತಿಗೆ ಸಿಕ್ಕ ಸಂಸ್ಥೆಗಳು ಪುರಾವೆಯೊಂದಿಗೆ ಹೆಚ್ಚಿನ ಸಮಯ ಕೇಳಬಹುದು, ಪಾಠಕ್ಕೆ ಮಾಡಿದ ಬದಲಿ ವ್ಯವಸ್ಥೆಯನ್ನು ವಿವರಿಸಬೇಕು ಎಂದಿತ್ತು. ಪ್ರಿನ್ಸಿಪಾಲರ ಮುಖ ಅರಳಿತು. ಅರಳಿದ್ದು ಪುರಾವೆ ಎಂಬ ಶಬ್ದ ಕಣ್ಣಿಗೆ ಬೀಳುವ ತನಕ.

ಪ್ರವಾಹ ಬಂದಿತ್ತೆಂಬ ಪುರಾವೆಗೆ ಅವರೂ ನಾನೂ ಹಗರಿಬೊಮ್ಮನಹಳ್ಳಿಯ ತಾಲ್ಲೂಕು ಕಚೇರಿಗೆ ಮೂರು ಸಲ ಹೋದೆವು. ಮೂರನೆಯ ಸಲ ಗುಮಾಸ್ತರು ಬೇಸತ್ತು ಹೇಳಿದರು: "ಮೇಡಂ, ಮನಿ ಬಿದ್ರ ಫಾರಂ ಐತಿ, ಬೆಳಿ ಹೋದ್ರ ಐತಿ, ದನ ಸತ್ರ ಐತಿ. ಕಾಗದ ತೋಯ್ದದ್ದಕ್ಕ ಫಾರಂ ಇಲ್ರಿ."

"ಹಂಗಂತ ಬರದು ಕೊಡ್ರಿ."

"ಏನಂತ?"

"ಕಾಗದ ತೋಯ್ದದ್ದಕ್ಕ ಫಾರಂ ಇಲ್ಲಂತ."

ಗುಮಾಸ್ತರು ನನ್ನ ಮುಖ ನೋಡಿದರು. ನಾನು ಛಾವಣಿ ನೋಡಿದೆ. ಒಂದು ಗಂಟೆ ಎದುರಿನ ಬೆಂಚಿನ ಮೇಲೆ ಮೇಡಂ ಅಲುಗಾಡದೆ ಕೂತ ಮೇಲೆ, ಇಂಥ ಊರಿಗೆ ಹೊಳೆ ನೀರು ನುಗ್ಗಿದ್ದು ನಿಜ, ಆದರೆ ದಾಖಲೆಗಳ ಹಾನಿಗೆ ನಮೂನೆ ಇಲ್ಲ ಎಂದು ಬರೆದು ಮೊಹರು ಒತ್ತಿ ಕೊಟ್ಟರು.

ಆಮೇಲೆ ಪೋರ್ಟಲ್. ಸಮಯ ಕೇಳುವ ಅರ್ಜಿಯಲ್ಲಿ 'ಕಳೆದುಹೋದ ದಾಖಲೆಗಳ ದೃಢೀಕೃತ ಪ್ರತಿ ಲಗತ್ತಿಸಿ' ಎಂದೊಂದು ಕಲಂ. ಅದನ್ನು ತುಂಬದೆ ಮುಂದಕ್ಕೆ ಹೋಗುವಂತಿಲ್ಲ. ಸಹಾಯವಾಣಿಗೆ ಫೋನು ಮಾಡಿ ಅವರು ಇಂಗ್ಲಿಷಿನಲ್ಲಿ ಶಾಂತವಾಗಿ ಕೇಳಿದರು: ಪ್ರತಿ ಇದ್ದಿದ್ದರೆ ಕಳೆದುಹೋಗಿದೆ ಎಂದು ಯಾಕೆ ಬರೆಯುತ್ತಿದ್ದೆವು? ಆ ಕಡೆಯಿದ್ದವನು, ಸಿಸ್ಟಂ ಹಾಗೆ ಕೇಳುತ್ತದೆ ಮೇಡಂ, ನಾನೇನು ಮಾಡಲಿ ಎಂದ. ನಾನಾಗಿದ್ದರೆ ಫೋನು ಗೋಡೆಗೆ ಒಗೆಯುತ್ತಿದ್ದೆ. ಅವರು ಕೊಳೆತ ಫೈಲುಗಳನ್ನು ಮೈದಾನದಲ್ಲಿ ಹರವಿ, ಒಂದೊಂದರ ಬೆನ್ನಿನ ಚೀಟಿ ಕಾಣುವಂತೆ ಫೋಟೋ ತೆಗೆದು, ಕೆಸರು ಮುದ್ದೆಗಳ ಅರವತ್ತೆಂಟು ಚಿತ್ರಗಳನ್ನು ಏರಿಸಿದರು. ಸಿಸ್ಟಂ ಒಪ್ಪಿತು. ಆರು ತಿಂಗಳ ಸಮಯ ಸಿಕ್ಕಿತು.

ಆ ಆರು ತಿಂಗಳಲ್ಲಿ ಅವರು ಎಬ್ಬಿಸಿದ್ದು ನಮಗೆ ಬೇಕಾದ ವರದಿಯನ್ನಲ್ಲ. ವಿಶ್ವವಿದ್ಯಾಲಯದಲ್ಲಿ ಯಾವ ಪ್ರತಿ ಇದೆ, ಹಳೆಯ ವಿದ್ಯಾರ್ಥಿಗಳ ಫೋನಿನಲ್ಲಿ ಯಾವ ಫೋಟೋ ಇದೆ ಎಂದು ಹುಡುಕಿದರು. ಕೂಡ್ಲಿಗಿಯಲ್ಲಿ ಕೆಲಸಕ್ಕಿದ್ದ ಹಳೆಯ ವಿದ್ಯಾರ್ಥಿನಿಯ ಮನೆಗೇ ಹೋಗಿ ಒಂದು ಶಿಬಿರದ ಪ್ರಮಾಣಪತ್ರ ತಂದರು. ಸಿಗದೇ ಹೋದದ್ದಕ್ಕೆಲ್ಲ ಒಂದು ಪಟ್ಟಿ ಮಾಡಿದರು. ಹದಿನಾಲ್ಕು ಪುಟ. ಸಾಲು ಸಾಲಿಗೆ, 'ನಡೆದಿದೆ, ದಾಖಲೆ ಇಲ್ಲ.' ಪ್ರವಾಹದ ವೇಳೆ ಪಾಠ ನಡೆಯದ ದಿನಗಳ ಕಲಂನಲ್ಲಿ ಇಪ್ಪತ್ತಮೂರು ಎಂದು ಬರೆದರು. ಗೋದಾಮು ಸಿಗುವ ತನಕದ ದಿನಗಳು ಅವು.

ಪ್ರಿನ್ಸಿಪಾಲರು ತಲೆ ಹಿಡಿದುಕೊಂಡರು. "ಆನ್‌ಲೈನ್ ಕ್ಲಾಸ್ ಮಾಡಿದ್ವಿ ಅಂತ ಬರೀರಿ ಮೇಡಂ. ಯಾರು ನೋಡ್ಯಾರ?"

"ಊರಾಗ ಕರೆಂಟ ಇರ್ಲಿಲ್ಲ ಸರ್."

"ಕಮಿಟಿಯವರಿಗೆ ಅದು ಗೊತ್ತೈತೇನು?"

"ನನಗ ಗೊತ್ತೈತಲ್ರಿ."

ಇದರ ಮೇಲೆ ಏನು ವಾದ ಮಾಡುತ್ತೀರಿ? ನಾನು ವಾದ ಬಿಟ್ಟು ಬೇರೆ ದಾರಿ ಹಿಡಿದೆ. ಕನ್ನಡ ವಿಭಾಗದ ವಿಚಾರಗೋಷ್ಠಿಗಳು ನಿಜವಾಗಿ ನಡೆದಿದ್ದವು, ಪುಸ್ತಕ ಮಾತ್ರ ಹೊಳೆಪಾಲಾಗಿತ್ತು. ನಡೆದದ್ದನ್ನೇ ತಿರುಗಿ ಬರೆದರೆ ಸುಳ್ಳು ಹೇಗಾಗುತ್ತದೆ ಎಂದು ನನ್ನನ್ನು ನಾನೇ ಒಪ್ಪಿಸಿಕೊಂಡು, ಹೊಸ ಪುಸ್ತಕದಲ್ಲಿ ತಾರೀಕು ಹಾಕಿ, ಮಕ್ಕಳಿಂದ ಸಹಿ ಮಾಡಿಸಿ, ಅವರ ಮೇಜಿನ ಮೇಲಿಟ್ಟೆ. ತಾರೀಕು ನೆನಪಿದ್ದರಲ್ಲವೇ? ಭಾನುವಾರ ಬರದಂತೆ ಕ್ಯಾಲೆಂಡರ್ ನೋಡಿ ಅಂದಾಜಿಗೆ ಹಾಕಿದ್ದೆ.

ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿ ಅವರು ಆ ಪುಸ್ತಕ ತೆಗೆದರು. ಪುಟ ತಿರುವುತ್ತಾ ಒಂದು ಕಡೆ ನಿಂತರು.

"ಈ ದಿನ ನೀವು ಎಲ್ಲಿದ್ರಿ ಸರ್?"

"ಗೋಷ್ಠಿಯಾಗ. ಸ್ವಾಗತ ಭಾಷಣ ನಂದ."

"ಬಳ್ಳಾರಿ ಆಸ್ಪತ್ರ್ಯಾಗ ಇದ್ರಿ. ನಿಮ್ಮ ಮಗಳು ಹುಟ್ಟಿದ ದಿನ ಇದು. ನಿಮ್ಮ ಕ್ಲಾಸು ನಾನು ತಗೊಂಡಿದ್ದೆ." ಬೇಸರವಿಲ್ಲದ ದನಿಯಲ್ಲಿ ಹೇಳಿದರು: "ಮುಂದ ಒಂದಿನ ಆಕಿ ಇದನ್ನ ನೋಡಿದ್ರ, ನಾ ಹುಟ್ಟಿದಾಗ ಅಪ್ಪ ಬಂದಿರ್ಲಿಲ್ಲ ಅಂತ ತಿಳಕೊಂತಾಳ್ರಿ."

ಪುಸ್ತಕವನ್ನು ಹರಿಯಲಿಲ್ಲ, ಬೈಯಲಿಲ್ಲ, ಯಾರಿಗೂ ಹೇಳಲೂ ಇಲ್ಲ. ನನ್ನ ಕಡೆ ತಳ್ಳಿ ಕೈ ತೊಳೆಯಲು ಹೋದರು. ಹದಿನಾಲ್ಕು ಪುಟದ ಪಟ್ಟಿಗೆ ಕನ್ನಡ ವಿಭಾಗದ ಗೋಷ್ಠಿಗಳೂ ಸೇರಿದವು. ಆ ರಾತ್ರಿಯೆಲ್ಲ ನಾನು ಅವರನ್ನು ಬೈದುಕೊಂಡೆ. ಮುಯ್ಯಿಗೆ ಮುಯ್ಯಿ ಎನ್ನುವಂತೆ ಒಂದು ತಪ್ಪೂ ಅವರಲ್ಲಿ ಸಿಗುವುದಿಲ್ಲವಲ್ಲ ಎಂದು ಸಿಟ್ಟು.

ಕಮಿಟಿಯ ಭೇಟಿ ಆನ್‌ಲೈನಿನಲ್ಲಾಯಿತು. ತುರ್ತು ಸ್ಥಿತಿಯ ಸಂಸ್ಥೆಗಳಿಗೆ ಅದೂ ಒಂದು ರಿಯಾಯಿತಿ. ಪರದೆಯ ಮೇಲೆ ಮೂವರು. ನಾನು ಫೋನು ಹಿಡಿದು ಕಾಲೇಜೆಲ್ಲ ತೋರಿಸಿದೆ. ಲ್ಯಾಬು ತಲುಪುವ ಹೊತ್ತಿಗೆ ನೆಟ್‌ವರ್ಕ್ ಹೋಗಿ ಅವರ ಮುಖಗಳು ಅರ್ಧ ನಗೆಯಲ್ಲೇ ಕಲ್ಲಾದವು. ತಿರುಗಿ ಬಂದಾಗ ಅಧ್ಯಕ್ಷರು, ಪ್ರವಾಹದ ಕಾಲದಲ್ಲಿ ನಿಮ್ಮ ಕಾಲೇಜು ಸಮಾಜಕ್ಕೆ ಏನು ಮಾಡಿತು ಎಂದು ಕೇಳಿದರು. ಚಿನ್ನದಂಥ ಪ್ರಶ್ನೆ! ನಲವತ್ತು ದಿನ ಕುಟುಂಬಗಳನ್ನು ಇಟ್ಟುಕೊಂಡಿದ್ದೆವು, ಇದಕ್ಕಿಂತ ಇನ್ನೇನು ಬೇಕು? ಮೇಡಂ ಉತ್ತರಿಸಿದರು: ನಾವು ಕೀಲಿ ತೆಗೆದೆವು. ಅಡುಗೆ ಮಾಡಿದವರು ಊರಿನವರು, ರೇಷನ್ ಕೊಟ್ಟದ್ದು ಸರ್ಕಾರ.

ನಾನೇ ಬಾಯಿ ಹಾಕಿ, ನಮ್ಮ ವಿದ್ಯಾರ್ಥಿಗಳು ನೀರು ಹೊತ್ತದ್ದು, ಮಕ್ಕಳಿಗೆ ಪಾಠ ಹೇಳಿದ್ದು ಎಲ್ಲ ಹೇಳಿದೆ. ಎಲ್ಲ ನಿಜವೇ. ಅಧ್ಯಕ್ಷರು ಸಂತೋಷಪಟ್ಟು, ಅದರ ದಾಖಲೆ ಇದೆಯೇ ಎಂದರು. ನೀರು ಹೊರುವಾಗ ಹಾಜರಿ ಯಾರು ತಗೊಳ್ಳುತ್ತಾರೆ?

ಫಲಿತಾಂಶ ಬಂತು. ಮಾನ್ಯತೆ ಉಳಿಯಿತು, ಎಲ್ಲಕ್ಕಿಂತ ಕೆಳಗಿನ ಗ್ರೇಡಿನಲ್ಲಿ. ಜೊತೆಗಿದ್ದ ಪತ್ರ ಬಹಳ ಸೌಜನ್ಯದ್ದು: ಸಂಸ್ಥೆ ಎದುರಿಸಿದ ಕಷ್ಟವನ್ನು ಮನಗಂಡಿದ್ದೇವೆ, ಸಮಯ ನೀಡಿದ್ದೇವೆ, ಆದರೆ ದಾಖಲೆ ಒದಗಿಸದ ಅಂಶಗಳಿಗೆ ನಿಯಮದಂತೆ ಸೊನ್ನೆ ಅಂಕ ನೀಡಲಾಗಿದೆ. ಅದೇ ತಿಂಗಳು, ಆ ಸಲಹೆಗಾರ ವರದಿ ಮಾಡಿಕೊಟ್ಟ ಇನ್ನೊಂದು ಕಾಲೇಜಿಗೆ ಮೇಲಿನ ಗ್ರೇಡು ಬಂತು. ಅಲ್ಲಿಯವರು ಪಟಾಕಿ ಹೊಡೆದರು. ನಮ್ಮ ಪ್ರಯೋಗಾಲಯ ಬರಲಿಲ್ಲ. ಮೇಡಮ್ಮಿಗೆ ಅದು ಎಲ್ಲರಿಗಿಂತ ಹತ್ತಿರದ ವಿಷಯ. ಸೋರುವ ಹಳೆಯ ಲ್ಯಾಬಿನಲ್ಲಿ ಮಕ್ಕಳನ್ನು ನಾಲ್ಕು ತಂಡ ಮಾಡಿ ಸಂಜೆಯವರೆಗೆ ನಿಲ್ಲುತ್ತಿದ್ದವರು ಅವರೇ.

ಕಾರ್ಯದರ್ಶಿಗಳು ಅವರನ್ನು ಸಂಯೋಜಕಿ ಸ್ಥಾನದಿಂದ ತೆಗೆದು ನನ್ನನ್ನು ಕೂರಿಸಿದರು. ಅವರು ಕೀಲಿಗೊಂಚಲು ತಂದುಕೊಟ್ಟರು. ನಾನು ಆ ಪತ್ರ ತೋರಿಸಿ, ಇನ್ನಾದರೂ ಒಂದು ಮಾತು ಬೈಯಲಿ ಎಂದು ಕಾದೆ. ಅವರು 'ಸೊನ್ನೆ' ಎಂಬಲ್ಲಿ ಬೆರಳಿಟ್ಟರು.

"ಇದು ತಪ್ಪೈತ್ರಿ ಸರ್. ಪ್ರಯೋಗ ಮಾಡುವಾಗ ಗಾಜಿನ ನಳಿಗಿ ಒಡೀತು ಅಂತ ತಿಳ್ಕೊಳ್ರಿ. ಅಳತಿ ಸೊನ್ನೆ ಅಂತ ಬರಿಯಂಗಿಲ್ಲ. ಅಳಿಯಾಕ ಆಗ್ಲಿಲ್ಲ ಅಂತ ಬರೀತೀವಿ, ಆ ಪ್ರಯೋಗ ಬಿಟ್ಟು ಉಳಿದದ್ದರ ಸರಾಸರಿ ತಗೀತೀವಿ. ಸೊನ್ನೆ ಬ್ಯಾರೆ, ಇಲ್ಲ ಅನ್ನೋದು ಬ್ಯಾರೆ."

"ಅದನ್ನ ಅವರಿಗೆ ಯಾರು ಹೇಳ್ಬೇಕು?"

"ಬರದ್ರಾತು."

ಬರೆದರು. ಕಾಲೇಜಿನ ಹೆಸರಿನಲ್ಲಿ ಬರೆಯಲು ಪ್ರಿನ್ಸಿಪಾಲರು ಒಪ್ಪದ್ದರಿಂದ ತಮ್ಮ ಹೆಸರಿನಲ್ಲೇ ಬರೆದರು. ಪ್ರವಾಹ, ಬೆಂಕಿ, ಭೂಕಂಪ ಯಾವುದರಲ್ಲಾದರೂ ದಾಖಲೆ ಕಳೆದುಕೊಂಡ ಕಾಲೇಜಿಗೆ ಆ ಅಂಶಗಳನ್ನು ಲೆಕ್ಕದಿಂದಲೇ ಬಿಟ್ಟುಬಿಡಬೇಕು, ಉಳಿದದ್ದರ ಮೇಲೆ ತೂಗಬೇಕು ಎಂದು. ಉತ್ತರ ಬರಲಿಲ್ಲ. ಆರು ತಿಂಗಳಿಗೆ ಇನ್ನೊಂದು ಪತ್ರ. ಅದಕ್ಕೂ ಇಲ್ಲ. ಪ್ರತಿ ಸಲ ಕನ್ನಡದ ನಾನು ಅವರ ಇಂಗ್ಲಿಷು ಓದಿ ನೋಡಬೇಕು, "ವಿನಂತಿ ಸರಿ ಕಾಣ್ತೈತೇನ್ರಿ, ದೂರಿನಂಗ ಆಗಿಲ್ಲಲ್ಲ?" ಎಂದು ಕೇಳುವರು. ನಾಲ್ಕನೆಯ ಪತ್ರದ ಹೊತ್ತಿಗೆ ನನಗೆ ಸಾಕಾಗಿತ್ತು. "ಮೇಡಂ, ಅವರು ಓದೂದಿಲ್ಲ. ಗೋಡಿಗೆ ಹೇಳಿದ್ರೂ ಒಂದ, ಇವರಿಗೆ ಹೇಳಿದ್ರೂ ಒಂದ" ಎಂದೆ. ಅವರು ಲಕೋಟೆಯ ಅಂಚಿಗೆ ಗೋಂದು ಸವರುತ್ತಾ, "ಸರಿ ಬಿಡ್ರಿ, ಇನ್ನ ನಿಮಗ ತೋರ್ಸಂಗಿಲ್ಲ" ಎಂದರು. ತೋರಿಸಲಿಲ್ಲ. ಆಮೇಲೆ ಬರೆದರೋ ಬಿಟ್ಟರೋ ನನಗೆ ಗೊತ್ತಾಗಲಿಲ್ಲ, ಕೇಳಲೂ ಇಲ್ಲ. ಹೀಗೇ ದಿನಗಳು ಕಳೆದು ಅವರು ನಿವೃತ್ತರಾದರು, ನಾನು ಎರಡು ಮಾತಾಡಿ ಶಾಲು ಹೊದಿಸಿದೆ.

ಹೋದ ತಿಂಗಳು ಹೊಸ ಕೈಪಿಡಿ ಬಂತು. ಮುಂದಿನ ಸರದಿ ನನ್ನ ತಲೆಗೆ ಕಟ್ಟಿದ್ದರಿಂದ ಓದಲೇಬೇಕಿತ್ತು. ತುರ್ತು ಪರಿಸ್ಥಿತಿಯ ಅನುಬಂಧದಲ್ಲಿ ಒಂದು ಹೊಸ ಪ್ಯಾರಾ ಸೇರಿತ್ತು. ವಿಕೋಪದಿಂದ ದಾಖಲೆ ನಾಶವಾದದ್ದು ದೃಢಪಟ್ಟಲ್ಲಿ ಅಂಥ ಅಂಶಗಳಿಗೆ ಸೊನ್ನೆ ನೀಡದೆ, ಅವುಗಳನ್ನು ಮೌಲ್ಯಮಾಪನದಿಂದ ಹೊರಗಿಟ್ಟು ಉಳಿದವುಗಳ ಆಧಾರದ ಮೇಲೆ ಗ್ರೇಡು ನಿರ್ಧರಿಸತಕ್ಕದ್ದು. ಅವರ ಪತ್ರದಿಂದಲೇ ಆಯಿತೋ, ಬೇರೆ ಊರಿನ ಇನ್ನೂ ನೂರು ಜನ, ಅಂದರೆ ಬಹಳ ಜನ, ಬರೆದಿದ್ದರೋ ಹೇಳಲಾರೆ. ಹಿಂದೆ ಗ್ರೇಡು ಪಡೆದವರಿಗೆ ಇದು ಅನ್ವಯಿಸದು ಎಂದೂ ಕೆಳಗೆ ಇತ್ತು.

ಸ್ಟಾಫ್ ರೂಮಿನಿಂದ ಹೊರಗೆ ಬಂದು ಅಲ್ಲಿಂದಲೇ ಕೊಟ್ಟೂರಿಗೆ ಫೋನು ಹಚ್ಚಿದೆ. ಅವರು ಎತ್ತಿದರು. ಹಿಂದೆ ಮಿಕ್ಸರ್ ತಿರುಗುವ ಸದ್ದು. ನಿಲ್ಲಿಸಿ ಬಂದರು. ಪ್ಯಾರಾವನ್ನು ಒಂದಕ್ಷರ ಬಿಡದೆ ಓದಿ ಹೇಳಿದೆ. ಎರಡು ಸಲ ಓದಿಸಿದರು.

"ನಮಗ ಹತ್ತಂಗಿಲ್ಲಲ್ರಿ ಸರ್?" ಎಂದರು.

"ಇಲ್ರಿ ಮೇಡಂ. ಮುಂದಿನವರಿಗೆ."

ಲೈನು ಹೋಯಿತೆಂದು ಹಲೋ ಹಲೋ ಎಂದೆ. ಮುಂದಿನವರಿಗಾದರೂ ಆಯಿತಲ್ಲ ಎಂದು ಅವರು ಹೇಳುತ್ತಾರೆ, ಆಗ ನಾನು ನಿಮ್ಮಿಂದಲೇ ಆದದ್ದು ಎನ್ನಬೇಕು ಎಂದು ಸಿದ್ಧನಾಗಿ ನಿಂತಿದ್ದೆ.

"ಹಾಳಾಗಿ ಹೋಗ್ಲಿ ಇವರ ಕೈಪಿಡಿ!" ಎಂದು ಅವರು ಕೂಗಿದರು. ಆ ಸಣ್ಣ ದನಿ ಅಷ್ಟು ಮೇಲೆ ಹೋಗಬಲ್ಲದೆಂದು ನನಗೆ ಗೊತ್ತಿರಲಿಲ್ಲ. "ಆವಾಗ ಏನಾಗಿತ್ರಿ ಇವರಿಗೆ ಧಾಡಿ? ಹೇಳಿದ್ನೋ ಇಲ್ಲೋ? ಎಷ್ಟ್ ಸಲ ಹೇಳ್ಲಿ? ಹೊಸಾ ಲ್ಯಾಬು ಎಲ್ಲಿ ಕಿಟಕಿ ಇರ್ಬೇಕು, ಎಲ್ಲಿ ನಳ ಇರ್ಬೇಕು, ಎಲ್ಲಾ ಬರದಿಟ್ಟಿದ್ದೆ ಸರ್ ನಾನು. ನೀವೆಲ್ಲ ಕೂಡಿ ನನ್ನ ಮಾರಿ ನೋಡಿದ್ರಿ, ಈಕೀಗೆ ಏನೂ ಅನ್ಸೂದ ಇಲ್ಲ ಅಂತ. ನನಗೂ ಬೇಕಾಗಿತ್ರಿ ಆ ಗ್ರೇಡು. ನಿಮ್ಮೆಲ್ಲರಿಗಿಂತ ಜಾಸ್ತಿ ಬೇಕಾಗಿತ್ತು."

ಅಷ್ಟು ಹೇಳಿ ಅತ್ತರು. ನಾನು ಕಾರಿಡಾರಿನಲ್ಲಿ ಫೋನು ಕಿವಿಗೆ ಒತ್ತಿಕೊಂಡು ನಿಂತಿದ್ದೆ. ಮುಂದಿನ ಪಿರಿಯಡ್ಡಿನ ಮಕ್ಕಳು ಬಾಗಿಲಲ್ಲಿ ಬಂದು ನನ್ನ ಮುಖ ನೋಡಿ ಒಳಗೆ ಹೋದರು. ಇಪ್ಪತ್ತೆರಡು ವರ್ಷದಲ್ಲಿ ತಮಗೂ ಏನೋ ಬೇಕಾಗಿತ್ತು ಎಂದು ಅವರು ಬಾಯಿ ಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.